ಮೂರನೇ ಕೂಗಿನ ಬಂಡೆ

ಸಣ್ಣಳಿವೆ ಊರಿನ ತೆಂಕಣ ತುದಿಯಲ್ಲಿ ಕಡಲಿಗೆ ಎದೆಕೊಟ್ಟು ನಿಂತಿರುವ ಕರಿಬಂಡೆಗೆ ಮೂರನೇ ಕೂಗಿನ ಬಂಡೆ ಎಂದು ಹೆಸರು. ಈಗ ಅಲ್ಲಿಯವರೆಗೆ ಟಾರು ರಸ್ತೆಯಿದೆ, ಎಳನೀರಿನ ಗೂಡಂಗಡಿಯಿದೆ. ಸಂಜೆಯಾದರೆ ಪೇಟೆಯ ಹುಡುಗರು ತಲೆಗೆ ಹೆಲ್ಮೆಟ್ಟು ಹಾಕಿ, ಸೊಂಟಕ್ಕೆ ಬಣ್ಣದ ಹಗ್ಗ ಬಿಗಿದು ಅದನ್ನು ಹತ್ತುತ್ತಾರೆ. ನೆತ್ತಿಯ ಕಲ್ಲಿಗೆ ಸುತ್ತಿ ಕಡಲ ಕಡೆಗೆ ಇಳಿಬಿಟ್ಟ ನಾರಿನ ಹಗ್ಗವೊಂದನ್ನು ಕಂಡು, ಯಾವ ದೇವರ ಹರಕೆ ಎಂದು ಕೇಳುತ್ತಾರೆ. ಅದು ದೇವರದ್ದಲ್ಲ.

ಹಿಂದೆ ಒಮ್ಮೆ, ಮಳೆಗಾಲ ಇಳಿಮುಖವಾಗಿ ದೋಣಿಗಳಿನ್ನೂ ದಡದಲ್ಲೇ ಮಗುಚಿಕೊಂಡಿದ್ದ ದಿನಗಳಲ್ಲಿ, ಜಟ್ಟಿ, ಮಾಸ್ತಿ, ಕುಪ್ಪ ಎಂಬ ಮೂವರು ಗೆಳೆಯರು ಸಂಜೆ ಈ ಬಂಡೆ ಹತ್ತಲು ಹೊರಟರು ಎನ್ನುತ್ತಾರೆ. ಮೇಲೆ ಜೇನಿರಲಿಲ್ಲ, ಹಕ್ಕಿಯ ಮೊಟ್ಟೆಯೂ ಇರಲಿಲ್ಲ. ಹತ್ತಬೇಡಿರೆಂದು ಹಿರಿಯರು ಹೇಳಿದ್ದರು. ಕೆಲಸವಿಲ್ಲದ ಮೈಗೆ ಅಷ್ಟು ಕಾರಣ ಸಾಲದೆ? ಜಟ್ಟಿ ಮೊದಲು ಹತ್ತಿ ಹಗ್ಗ ಇಳಿಬಿಟ್ಟ. ಮಾಸ್ತಿ ಅದನ್ನು ಹಿಡಿದು ಮೇಲೆ ಬಂದ. ಕುಪ್ಪ ಮಾತ್ರ ಕೆಳಗಿನಿಂದಲೇ ನಕ್ಕ: "ಆ ಹಗ್ಗ ನಿನ್ನ ಎಮ್ಮೆಗೆ ಕಟ್ಟು ಮಾರಾಯ, ನನಗೆ ಬೆರಳಿವೆ!" "ಬಿದ್ದರೆ ಆ ಬೆರಳು ಮೀನಿಗೇ," ಎಂದು ಜಟ್ಟಿ ಸಿಟ್ಟಿನಿಂದ ಹಗ್ಗ ಎಳೆದು ತೋಳಿಗೆ ಸುತ್ತಿಕೊಂಡ. ಅರ್ಧ ಏರಿದ ಕುಪ್ಪ ಬಂಡೆಯ ಮಗ್ಗುಲಿಗೆ ಸರಿದು ಮರೆಯಾದ. ಬಹಳ ಹೊತ್ತಾದರೂ ಬರಲಿಲ್ಲ. ಕೈಸೋತು ಇಳಿದು ಮರಳ ದಾರಿಯಲ್ಲಿ ಮನೆ ಸೇರಿರಬೇಕು, ನಾಳೆ ಚೆನ್ನಾಗಿ ಕಾಡಿಸೋಣ ಎಂದುಕೊಂಡು ಜಟ್ಟಿ ಎದ್ದ. ಕೂಗಿ ಕೇಳುವಂತಿರಲಿಲ್ಲ. ಮುಚ್ಚಂಜೆಯಲ್ಲಿ ಕಡಲ ಬಳಿ ಹೆಸರು ಹಿಡಿದು ಕೂಗಬಾರದು, ಯಾರಾದರೂ ಕೂಗಿದರೆ ಮೂರನೇ ಸಲಕ್ಕೇ ಓಗೊಡಬೇಕು ಎಂಬುದು ಊರ ಕಟ್ಟಳೆ. ಮುಳುಗಿ ಸತ್ತವರ ದನಿ ಎರಡೇ ಸಲ ಕೂಗಬಲ್ಲದು, ಓ ಎಂದವನನ್ನು ನೀರಿಗೆಳೆಯುತ್ತದೆ ಎಂದು ಎಲ್ಲರೂ ನಂಬಿದ್ದರು.

ಆಗ ಕೆಳಗಿನಿಂದ "ಜಟ್ಟೀ..." ಎಂಬ ಕೂಗು ಬಂತು. ತೆರೆಯ ಮೊರೆತದಲ್ಲಿ ಅದು ಯಾರ ದನಿಯೂ ಆಗಬಹುದಿತ್ತು. "ಕುಪ್ಪನೇ ಕಣೋ!" ಎಂದ ಮಾಸ್ತಿಯ ಬಾಯಿಯನ್ನು ಜಟ್ಟಿ ಅಂಗೈಯಿಂದ ಒತ್ತಿಹಿಡಿದ. "ಸುಮ್ಮನಿರು. ಮೂರು ಬರಲಿ." ಎರಡನೆಯ ಕೂಗು ಬಂತು, ಅದರಲ್ಲಿ ನೀರು ಬೆರೆತಿತ್ತು. ಜಟ್ಟಿ ಮೂರನೆಯದಕ್ಕೆ ಕಾದ. ಹಗ್ಗ ತೋಳಿನಲ್ಲೇ ಇತ್ತು. ಆಮೇಲೆ ಬರಿಯ ತೆರೆಯ ಸದ್ದು. "ಕಂಡೆಯಾ?" ಎಂದು ಮಾಸ್ತಿಗೆ ಹೇಳಿ, ಕಂಟಕ ಕಳೆಯಿತೆಂಬ ನೆಮ್ಮದಿಯಲ್ಲಿ ಅವನು ಮನೆಗೆ ಹೋಗಿ ಉಂಡ.

ಆ ರಾತ್ರಿ ಕುಪ್ಪನ ಮನೆಯಲ್ಲಿ ಅವನ ಚಾಪೆ ಸುತ್ತಿದಂತೆಯೇ ಇತ್ತು. ಬೆಳಗ್ಗೆ ನೀರಿಳಿದಾಗ ಬಂಡೆಯ ಮಗ್ಗುಲಿನಲ್ಲಿ ಹೊರಚಾಚಿದ ಕಿರಿದಾದ ಕಲ್ಲಿನಲ್ಲಿ ಅವನ ತಲೆವಸ್ತ್ರ ಸಿಕ್ಕಿಕೊಂಡಿರುವುದು ಕಂಡಿತು. ಅವನ ಹೆಣ ಅಳಿವೆಯ ಬಾಯಲ್ಲಿ ಸಿಕ್ಕಿತು, ಬೆರಳುಗಳಲ್ಲಿ ಉಗುರಿರಲಿಲ್ಲ. ಜಟ್ಟಿ ನೆತ್ತಿಗೆ ಹೋಗಿ ಹಗ್ಗ ಇಳಿಬಿಟ್ಟು ನೋಡಿದ. ಅದು ಆ ಚಾಚುಗಲ್ಲನ್ನು ಮುಟ್ಟಿ, ಮತ್ತೂ ಒಂದು ಮಾರು ಉಳಿಯಿತು. ಅವನು ಅದನ್ನು ಮೇಲೆಳೆಯಲೇ ಇಲ್ಲ. ಕಲ್ಲಿಗೆ ಬಿಗಿದು ಬಂದ. ಅಂದಿನಿಂದ ಸಂಜೆಯ ಹೊತ್ತು ದಡದಲ್ಲಿ ಯಾರು ಯಾರನ್ನು ಕೂಗಿದರೂ ಮೊದಲ ಕೂಗಿಗೇ "ಓ" ಎನ್ನುತ್ತಿದ್ದ. ಜನ ಹುಚ್ಚನೆಂದರು. ಆದರೂ ಅವನನ್ನು ಕಡಲು ಎಳೆದೊಯ್ಯಲಿಲ್ಲ. ಮುದುಕನಾಗಿ ಚಾಪೆಯ ಮೇಲೇ ಸತ್ತ. ಅದನ್ನು ಕಂಡಮೇಲೆ ಊರು ಹಳೆಯ ಕಟ್ಟಳೆಯನ್ನು ಬಿಟ್ಟಿತು.

ಪ್ರತಿ ವರ್ಷ ದೋಣಿ ನೀರಿಗಿಳಿಸುವ ಮುನ್ನ ಊರವರು ಆ ಹಗ್ಗವನ್ನು ಹೊಸತು ಮಾಡುತ್ತಾರೆ. ಪೇಟೆಯ ಹುಡುಗನೊಬ್ಬ ಸಂಜೆ ಬಂಡೆಯ ಬುಡದಲ್ಲಿ ನಿಂತು ತಮಾಷೆಗೆ ಗೆಳೆಯನ ಹೆಸರು ಕೂಗಿದರೂ ಸಾಕು, ದಡದಲ್ಲಿ ಒಣಮೀನು ತುಂಬುತ್ತಿರುವ ಹೆಂಗಸರು ತಲೆಯೆತ್ತಿ "ಓ" ಎನ್ನುತ್ತಾರೆ. ಯಾರ ಹೆಸರೆಂದು ಕೇಳುವುದಿಲ್ಲ.