ಅಧ್ಯಕ್ಷರು ಹುಡುಕಿದ ಡಬ್ಬಿ

ಚೆಸ್ ಕ್ಲಬ್ಬಿನ ಅಧ್ಯಕ್ಷ ಸುಬ್ಬನರಸಿಂಹಯ್ಯನವರು ಹೊಸ ಬೀಗರನ್ನು ಪಕ್ಕದಲ್ಲೇ ಕೂರಿಸಿಕೊಂಡು ಬಿಳಿ ಕಾಯಿ ಹಿಡಿದರು. ಎದುರಿಗೆ, ಕಪ್ಪು ಕಾಯಿಯ ಮುಂದೆ, ಕ್ಲಬ್ಬಿಗೆ ಹೊಸದಾಗಿ ಸೇರಿದ ಟೈಲರ್ ನಂಜುಂಡಿ.

“ಮೂಲೆ ಸೇರಬೇಡಯ್ಯಾ, ಗಂಡಸಿನ ಹಾಗೆ ಮುನ್ನುಗ್ಗು!” ಎಂದು ಅಧ್ಯಕ್ಷರು ಗದರಿದರು.

“ಭಯ ಆಗುತ್ತೆ ಸಾರ್,” ಎಂದ ನಂಜುಂಡಿ ರಾಜನನ್ನು ಮೂಲೆಗೆ ಸೇರಿಸಿ, ಮುಂದೆ ಕಾಲಾಳುಗಳ ಬೇಲಿ ಹಾಕಿ ಕೂತ.

ಬೀಗರು ನೋಡುತ್ತಿದ್ದಾರಲ್ಲ! ಅಧ್ಯಕ್ಷರು ಕುದುರೆ, ಆನೆ, ಕೊನೆಗೆ ರಾಣಿಯನ್ನೂ ಆ ಬೇಲಿಗೆ ನುಗ್ಗಿಸಿ ಕಳೆದುಕೊಂಡರು.

“ಚೆಕ್‌ಮೇಟ್ ಸಾರ್,” ಎಂದ ನಂಜುಂಡಿ ಮೆತ್ತಗೆ.

ಅಧ್ಯಕ್ಷರ ಮುಖ ಹುಳ್ಳಗಾಯಿತು. ಸೋತವರೇ ಕಾಯಿಗಳನ್ನು ಡಬ್ಬಿಗೆ ತುಂಬಿಡುವುದು ಕ್ಲಬ್ಬಿನ ಪದ್ಧತಿ. ಅವರು ಮೇಜಿನ ಕೆಳಗೆಲ್ಲ ಹುಡುಕಿ, ಸುತ್ತ ನಿಂತಿದ್ದ ಸದಸ್ಯರನ್ನು ಸಣ್ಣ ದನಿಯಲ್ಲಿ ಕೇಳಿದರು: “ಡಬ್ಬಿ ಎಲ್ಲಿಡ್ತೀರಪ್ಪಾ?”

ಇಷ್ಟು ವರ್ಷ ಅವರಿಗೆ ಬೇಕೆಂದೇ ಸೋತು ಆ ಡಬ್ಬಿ ತುಂಬಿಸಿದ್ದ ಸದಸ್ಯರೆಲ್ಲ ತಲೆ ತಗ್ಗಿಸಿದರು.