ಗೀಜಗ ಮಾಡಿದ ಪಟ್ಟಿ

ಮಕ್ಕಳೇ, ಬಿದಿರು ಮೆಳೆಗಳ ಒಂದು ಕಾಡು. ಅದರ ನಡುವೆ ಒಂದು ಕೆರೆ. ಕೆರೆಯ ಮೇಲಕ್ಕೆ ಬಾಗಿದ ಜಾಲಿಮರದಲ್ಲಿ ಒಬ್ಬ ಗೀಜಗ ಇದ್ದ. ಗೀಜಗ ಅಂದರೆ ಗೊತ್ತಲ್ಲ, ಹಸಿ ಹುಲ್ಲನ್ನು ಎಳೆ ಎಳೆಯಾಗಿ ಸೀಳಿ ತೂಗುವ ಗೂಡು ನೇಯುವ ಪುಟ್ಟ ಹಕ್ಕಿ.

ಅವನ ಕೊಕ್ಕಿನ ಕೆಲಸಕ್ಕೆ ಹೆಸರಿಡುವ ಹಾಗಿರಲಿಲ್ಲ. ಹೆಸರಿಡಬೇಕಾದದ್ದು ಅವನ ಕಿವಿಗೆ. ಯಾರ ಮಾತನ್ನೂ ಅವನು ಪೂರ್ತಿ ಕೇಳುತ್ತಿರಲಿಲ್ಲ. “ಮಳೆ ಬರುವ ಹಾಗಿದೆ, ಆದರೆ...” ಎಂದು ಯಾರಾದರೂ ಶುರು ಮಾಡಿದರೆ, ಆ ‘ಆದರೆ’ ಬರುವಷ್ಟರಲ್ಲಿ ಅವನು ಗೂಡು ಸೇರಿ ಆಗಿರುತ್ತಿತ್ತು.

ಒಂದು ಬೇಸಗೆಯಲ್ಲಿ ಚುಕ್ಕಿ ಎಂಬ ಜಿಂಕೆಯ ಹಿಂಗಾಲನ್ನು ಒಡೆದ ಬಿದಿರು ಕೊಯ್ದುಬಿಟ್ಟಿತು. ಗಾಯ ಆಳವಾಗಿತ್ತು. ನೊಣಗಳು ಮುತ್ತುತ್ತಿದ್ದವು. ಸಾಲದ್ದಕ್ಕೆ ಕಾಡಿನ ಅಂಚಿನ ಹೊಳೆ ಬತ್ತುತ್ತಿತ್ತು. ಹೊಳೆ ಬತ್ತಿತೆಂದರೆ ಆಚೆ ದಡದ ಸೀಳುನಾಯಿಗಳು ಈಚೆಗೆ ಬರುತ್ತವೆ. ಬಂದವು ಕುಂಟುವವರನ್ನೇ ಮೊದಲು ವಿಚಾರಿಸಿಕೊಳ್ಳುತ್ತವೆ.

“ಈ ಕಾಲು ಬೇಗ ವಾಸಿಯಾಗದಿದ್ದರೆ ನನ್ನ ಕತೆ ಮುಗಿಯಿತು,” ಎಂದಳು ಚುಕ್ಕಿ.

“ಅಕ್ಕ, ನೀನು ಚಿಂತೆ ಬಿಡು,” ಎಂದ ಗೀಜಗ. “ಗಾಯದ ಸುತ್ತ ಬಿಗಿಯಾಗಿ ಕಟ್ಟುವಂಥದ್ದು ಒಂದನ್ನು ನೇಯ್ದು ಕೊಡುತ್ತೇನೆ. ನೊಣ ಕೂರುವುದಿಲ್ಲ, ಧೂಳು ಹೋಗುವುದಿಲ್ಲ. ಇಂಥದ್ದು ಲೋಕದಲ್ಲೇ ಇಲ್ಲ!”

ಲೋಕದಲ್ಲಿ ಇಲ್ಲ ಎಂದು ಅವನಿಗೆ ಹೇಗೆ ಗೊತ್ತಾಯಿತೆಂದು ಯಾರೂ ಕೇಳಲಿಲ್ಲ. ಅವನೂ ಕೇಳಿಕೊಳ್ಳಲಿಲ್ಲ. ನೇರ ಕೆರೆದಂಡೆಗೆ ಹಾರಿ, ಬಿಸಿಲು ಕಾಯಿಸುತ್ತಿದ್ದ ಆಮೆಯಜ್ಜನ ಬೆನ್ನ ಮೇಲೆ ಕುಳಿತು ವಿಷಯ ತಿಳಿಸಿದ.

ಆಮೆಯಜ್ಜ ಮಾತಾಡುವುದೂ ನಡೆದಷ್ಟೇ ನಿಧಾನ. “ಒಳ್ಳೆಯ ಯೋಚನೆ ಮಗಾ,” ಎಂದ. “ಕೆಲಸಕ್ಕೆ ಕೈ ಹಾಕುವ ಮೊದಲು... ಒಂದು ಪಟ್ಟಿ ಮಾಡು...”

“ಆಯಿತು ಅಜ್ಜ!” ಎಂದು ಗೀಜಗ ಹಾರಿಯೇಬಿಟ್ಟ.

“...ಗಾಯಕ್ಕೆ ಮದ್ದು ಮಾಡುವವರು ಈ ಕಾಡಿನಲ್ಲಿ ಯಾರ್ಯಾರಿದ್ದಾರೆ, ಯಾರದ್ದು ಫಲಿಸಿದೆ, ಯಾರದ್ದು ಕೈಕೊಟ್ಟಿದೆ, ಅದರ ಪಟ್ಟಿ,” ಎಂದು ಆಮೆಯಜ್ಜ ಮುಗಿಸಿದ. ಕೇಳಲಿಕ್ಕೆ ಒಂದು ಕಪ್ಪೆ ಮಾತ್ರ ಇತ್ತು. ಅದಕ್ಕೆ ವೈದ್ಯದಲ್ಲಿ ಆಸಕ್ತಿ ಇರಲಿಲ್ಲ.

ಗೀಜಗ ಮಾತ್ರ ‘ಪಟ್ಟಿ’ ಅಂದರೆ ಗಾಯಕ್ಕೆ ಕಟ್ಟುವ ಪಟ್ಟಿ ಎಂದೇ ತಿಳಿದ. ಊಟ ನಿದ್ದೆ ಬಿಟ್ಟು ಹಸಿ ಹುಲ್ಲು ಸೀಳಿ ನೇಯತೊಡಗಿದ. ನಿಜ ಹೇಳಬೇಕೆಂದರೆ ಬಹಳ ಚೆಂದದ ಪಟ್ಟಿ. ನನಗೇ ಒಂದು ಗಾಯ ಮಾಡಿಕೊಂಡು ಕಟ್ಟಿಸಿಕೊಳ್ಳೋಣ ಅನ್ನಿಸುವಷ್ಟು ಚೆಂದ.

ಮುಗಿದ ಮೇಲೆ ಮತ್ತೆ ಕೆರೆದಂಡೆಗೆ ಬಂದ.

“ಅಜ್ಜ, ಪಟ್ಟಿ ಮಾಡಿದೆ!”

“ಭೇಷ್. ಎಷ್ಟು ಉದ್ದವಾಯಿತು?”

“ಮೂರು ಗೇಣು.”

“ಮೂರು ಗೇಣೇ!” ಆಮೆಯಜ್ಜನಿಗೆ ಆಶ್ಚರ್ಯವಾಯಿತು. “ನಮ್ಮ ಕಾಡಿನಲ್ಲಿ ಅಷ್ಟೊಂದು ಜನ ಇದ್ದಾರೆಯೇ? ಅದರಲ್ಲಿ ಜೇಡಮ್ಮ ಇದ್ದಾಳೆ ತಾನೆ?”

“ಅವಳದ್ದು ಒಂದೆಳೆಯೂ ಇಲ್ಲ.”

“ಅಯ್ಯೋ, ಅವಳು ಗಾಯಕ್ಕೆ ಬಲೆ ಮೆತ್ತುತ್ತಾಳಲ್ಲ! ಹೋಗಲಿ, ಜೇನು ಹಚ್ಚುವ ಕರಡಿ?”

“ಕರಡಿಯ ಕೂದಲೂ ಇಲ್ಲ ಅಜ್ಜ. ಪೂರ್ತಿ ನಾನೊಬ್ಬನೇ!”

“ನೀನೊಬ್ಬನೇ ಇದ್ದರೆ ಅದೆಂಥ ಪಟ್ಟಿ?”

“ಗಟ್ಟಿ ಪಟ್ಟಿ!” ಎಂದು ಗೀಜಗ ಹಾರಿಹೋದ.

ಆಮೆಯಜ್ಜ ಈ ಮಾತಿನ ಅರ್ಥವನ್ನು ಯೋಚಿಸತೊಡಗಿದ. ಅವನು ಯೋಚಿಸುವುದೂ ನಿಧಾನವೇ.

ಅಷ್ಟರಲ್ಲಿ ಗೀಜಗ ಚುಕ್ಕಿಯ ಕಾಲಿಗೆ ಪಟ್ಟಿ ಸುತ್ತಿ, ತನ್ನ ಗೂಡಿಗೆ ಹಾಕುವಂಥ ಗಂಟನ್ನೇ ಹಾಕಿದ. ನೊಣಗಳು ಎದ್ದುಹೋದವು. ಚುಕ್ಕಿ ನಾಲ್ಕು ಹೆಜ್ಜೆ ನಡೆದು ನೋಡಿದಳು. ನೋಡಲು ಬಂದ ಮೊಲಗಳು “ಆಹಾ” ಎಂದವು.

“ಇದು ಸಡಿಲವಾಗುವ ಮಾತೇ ಇಲ್ಲ ಅಕ್ಕ,” ಎಂದ ಗೀಜಗ. “ಒಣಗಿದಷ್ಟೂ ಬಿಗಿ!”

ಮೇಲಿನ ಕೊಂಬೆಯಲ್ಲಿದ್ದ ಮುಸುವ, ಅಂದರೆ ಕರಿಮೂತಿಯ ಕೋತಿ, ಇದನ್ನು ಕೇಳಿ ಎಲೆ ಜಗಿಯುವುದನ್ನು ನಿಲ್ಲಿಸಿದ. “ತಮ್ಮಾ, ಒಂದು ಮಾತು...” ಎಂದ.

“ಆಮೇಲೆ ಹೊಗಳುವೆಯಂತೆ ಅಣ್ಣಾ,” ಎಂದು ಗೀಜಗ ಬೇರೆ ಗಾಯಾಳುಗಳನ್ನು ಹುಡುಕಲು ಹೊರಟ.

ಬಿಸಿಲು ಏರಿತು. ಹಸಿ ಹುಲ್ಲು ಒಣಗಿತು. ಗೀಜಗ ಹೇಳಿದ ಹಾಗೆಯೇ ಆಯಿತು, ಪಟ್ಟಿ ಬಿಗಿಯಿತು. ಗೂಡು ಗಾಳಿಗೆ ಬೀಳದಿರಲು ಇಂಥ ಬಿಗಿಯೇ ಬೇಕು. ಕಾಲಿಗೆ ಬೇಡ. ಚುಕ್ಕಿಯ ಗೊರಸು ತಣ್ಣಗಾಯಿತು, ಕಾಲು ಊದಿ ಜೋಮು ಹಿಡಿಯಿತು. ಪಾಪ, ಮೊದಲು ಕುಂಟುತ್ತಿದ್ದವಳು ಈಗ ಆ ಕಾಲನ್ನು ಊರಲಾರದೆ ನಿಂತಲ್ಲೇ ನಿಂತಳು.

ಆಗಲೇ ಮುಸುವ ಮರದ ತುದಿಯಿಂದ ಕೂಗಿದ: “ಸೀಳುನಾಯಿ! ಹೊಳೆ ದಾಟುತ್ತಿವೆ!”

ಮೊಲಗಳು ಬಿಲ ಸೇರಿದವು. ಗೀಜಗ ಹಾರಿ ಬಂದು ಗಂಟು ಬಿಚ್ಚಲು ನೋಡಿದ. ಬರಲಿಲ್ಲ. ಬಿಚ್ಚಲು ಬರುವಂಥ ಗಂಟನ್ನು ಅವನು ಜನ್ಮದಲ್ಲೇ ಹಾಕಿದವನಲ್ಲ. ಕುಕ್ಕಿದ, ಎಳೆದ, ಅತ್ತ.

“ಬೇಗ, ಬೇಗ,” ಎಂದಳು ಚುಕ್ಕಿ.

ಮುಸುವ ದೊಪ್ಪನೆ ಕೆಳಗೆ ಹಾರಿದ. “ಬಿಚ್ಚಬೇಡ, ನೆನೆಸು! ಅಕ್ಕ, ಕೆರೆಗೆ ಇಳಿ! ಒಣಗಿ ಬಿಗಿದದ್ದು ನೆನೆದರೇ ಸಡಿಲವಾಗುವುದು!”

ಚುಕ್ಕಿ ಮೂರು ಕಾಲಿನಲ್ಲಿ ಕುಪ್ಪಳಿಸುತ್ತಾ ಕೆರೆಗೆ ಇಳಿದಳು. ಹುಲ್ಲು ನೀರು ಕುಡಿದು ನಿಧಾನವಾಗಿ ಮೆತ್ತಗಾಯಿತು. ಆಮೆಯಜ್ಜ ನೀರಿನಡಿ ಬಂದು ಪಟ್ಟಿಯನ್ನು ಕಚ್ಚಿ ಹಿಡಿದ. ಆಮೆಗೆ ಅವಸರ ಗೊತ್ತಿಲ್ಲ. ಆದರೆ ಕಚ್ಚಿದ್ದನ್ನು ಬಿಡುವುದೂ ಗೊತ್ತಿಲ್ಲ. ನಾಯಿಗಳು ಈಚೆ ದಂಡೆಯಲ್ಲಿ ನೀರಿಗೆ ಹಾರುವುದಕ್ಕೂ ಪಟ್ಟಿ ಕಳಚುವುದಕ್ಕೂ ಸರಿಹೋಯಿತು. ಕಾಲಿಗೆ ರಕ್ತ ಹರಿಯಿತು. ಚುಕ್ಕಿ ಆಚೆ ದಂಡೆ ಹತ್ತಿ ಓಡಿದಳು. ಅವಳ ಬಾಲದ ಬಿಳಿ ಕೂದಲು ಒಂದಿಷ್ಟು ನಾಯಿಗಳ ಬಾಯಿಗೆ ಸಿಕ್ಕಿತು. ಅಷ್ಟೇ ಸಿಕ್ಕಿದ್ದು.

ನಾಯಿಗಳು ಬೇರೆಡೆಗೆ ಹೋದ ಮೇಲೆ ಗೀಜಗ ಮುಸುವನ ಬಳಿ ಬಂದ.

“ಅಣ್ಣಾ, ನೆನೆಸಬೇಕೆಂದು ನಿನಗೆ ಹೇಗೆ ಗೊತ್ತಾಯಿತು?”

“ಹಿಂದೆ ಕಾಡುಹಂದಿಯ ಕಾಲಿಗೆ ನಾನು ಹಸಿ ಬಳ್ಳಿ ಕಟ್ಟಿದ್ದೆ. ಅದೂ ಒಣಗಿ ಹೀಗೆಯೇ ಬಿಗಿಯಿತು. ನೆನೆಸುವ ಉಪಾಯ ಹೊಳೆಯುವಷ್ಟರಲ್ಲಿ ತಡವಾಗಿತ್ತು. ಆ ಕಾಲು ಇವತ್ತಿಗೂ ಸೊಟ್ಟಗಿದೆ.”

“ಮತ್ತೆ ನನಗೆ ಯಾಕೆ ಹೇಳಲಿಲ್ಲ?” ಗೀಜಗನಿಗೆ ಸಿಟ್ಟೇ ಬಂತು.

“ಹೇಳಲು ಬಂದರೆ ಹೊಗಳಲು ಬಂದೆ ಎಂದು ನೀನು ಅಂದುಕೊಂಡೆ. ಅದಕ್ಕೂ ಮೊದಲು, ಇಂಥದ್ದು ಲೋಕದಲ್ಲೇ ಇಲ್ಲ ಎಂದೆ. ನಾನು ಆಗ ನಿನ್ನ ತಲೆಯ ಮೇಲಿನ ಕೊಂಬೆಯಲ್ಲೇ ಕುಳಿತಿದ್ದೆ ಮಾರಾಯ. ಆ ಕೊಂಬೆಯೂ ಲೋಕದಲ್ಲೇ ಇದೆ.”

ಗೀಜಗನಿಗೆ ಮೊದಲ ಬಾರಿಗೆ ಒಂದು ಮಾತು ಪೂರ್ತಿ ಕೇಳಿಸಿತು. ಅವನಿಗೆ ತುಂಬಾ ನಾಚಿಕೆಯಾಯಿತು.

ಸಂಜೆಗೆ ಚುಕ್ಕಿ ಕುಂಟುತ್ತಾ ಹಿಂದಿರುಗಿದಳು. ಗಾಯ ಬಾಯಿ ತೆರೆದುಕೊಂಡು ಹಾಗೆಯೇ ಇತ್ತು. ಕೆರೆದಂಡೆಯಲ್ಲಿ ಗೀಜಗ, ಮುಸುವ, ಸುದ್ದಿ ಕೇಳಿ ಬಂದ ಜೇಡಮ್ಮ, ಕರಡಿ ಎಲ್ಲ ಕಾಯುತ್ತಿದ್ದರು. ನಾಲ್ವರೂ ಒಟ್ಟಿಗೆ “ಅಕ್ಕ, ನನ್ನ ಮದ್ದು...” ಎಂದು ಶುರು ಮಾಡಿದರು.

ಚುಕ್ಕಿ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

“ನಿಮ್ಮ ಮದ್ದು ಹೇಗೆ ಫಲಿಸಿತು ಎಂಬುದು ನನಗೆ ಬೇಡ,” ಎಂದಳು. “ಯಾರ ಮದ್ದಿನಿಂದ ಯಾರಿಗೆ ಏನು ತೊಂದರೆಯಾಯಿತು, ಮೊದಲು ಅದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಿ. ಅಲ್ಲಿಯವರೆಗೆ ಈ ಕಾಲನ್ನು ಯಾರೂ ಮುಟ್ಟಬೇಡಿ. ನನಗೆ ಇರುವುದು ಇದೊಂದೇ.”

“ನಾಲ್ಕಿವೆಯಲ್ಲ ಅಕ್ಕ?” ಎಂದಿತು ಕಪ್ಪೆ.

ಯಾರೂ ನಗಲಿಲ್ಲ. ಗೀಜಗನೇ ಮೊದಲು, ತನ್ನ ಪಟ್ಟಿಯಿಂದ ಆದ ತೊಂದರೆಯನ್ನು ಹೇಳತೊಡಗಿದ.

ನೀತಿ: ಹೊಸ ಮದ್ದು ಮಾಡಹೊರಟವನು ಅದೇ ದಾರಿಯಲ್ಲಿರುವ ಬೇರೆಯವರನ್ನು ಮೊದಲು ವಿಚಾರಿಸಬೇಕು, ಅವರು ಎಡವಿದ್ದನ್ನು ಕೇಳಿ ಕಲಿಯದವನು ರೋಗಿಯ ಮೈಮೇಲೆ ಕಲಿಯುತ್ತಾನೆ.