ಮಾವ ಒಪ್ಪದ ಕಾರು

"ಅಜ್ಜಾರ, ನಂಬಿಗಸ್ತ ಗಾಡಿ ಓಡಿಸಾಕ ಖುಷಿ ಕೊಡೂದಿಲ್ಲ. ಖುಷಿ ಕೊಡೂ ಗಾಡೀನ ನಂಬಾಕ ಆಗೂದಿಲ್ಲ. ಎರಡೂ ಇದ್ದದ್ದು ನಮ್ಮ ರೊಕ್ಕಕ್ಕ ನಿಲುಕೂದಿಲ್ಲ. ನಾ ಏನು ನೋಡಿ ಆರಿಸ್ಲಿ?" ಎಂದು ಅಡಿವೆಯ್ಯ ಕೇಳಿದ.

ಅಜ್ಜಾರು ಎಂದರೆ ಊರ ಮಠದ ಹಿರಿಯ ಸ್ವಾಮಿಗಳು. ಅವರಿಗೆ ವಯಸ್ಸಾಗಿತ್ತು. ಮಠದ ಭಾರವನ್ನು ಶಿಷ್ಯ ಅಡಿವೆಯ್ಯನಿಗೆ ಒಪ್ಪಿಸಿ, ದೂರದ ಗುಡ್ಡದ ಮೇಲಿನ ಗವಿಯಲ್ಲಿ ಕಡೆಗಾಲ ಕಳೆಯುವುದೆಂದು ನಿಶ್ಚಯಿಸಿದ್ದರು. ಗುಡ್ಡದ ದಾರಿ ಎರೆಮಣ್ಣಿನದು. ನಾಲ್ಕು ಹನಿ ಬಿದ್ದರೆ ಸಾಕು, ಗಾಲಿಯನ್ನು ಹಿಡಿದು ಬಿಡುವುದಿಲ್ಲ. ಜೀಪು ಹತ್ತೋಣವೆಂದರೆ ಅಜ್ಜಾರ ಮೊಣಕಾಲು ಒಲ್ಲೆ ಅನ್ನುತ್ತಿತ್ತು. ಅದಕ್ಕೇ ಭಕ್ತರು ಕೈಲಾದಷ್ಟು ಕೂಡಿಸಿ, ನಾಲ್ಕೂ ಗಾಲಿ ಎಳೆಯುವ, ತಗ್ಗಾದ, ಹಿಂದೆ ಡಿಕ್ಕಿ ಇರುವ ಹಳೆಯ ಕಾರೊಂದನ್ನು ನೋಡು ಎಂದು ಅಡಿವೆಯ್ಯನಿಗೆ ಹೇಳಿದ್ದರು. ಕಾರು ಸಿಕ್ಕ ದಿನವೇ ಅಜ್ಜಾರು ಹೊರಡುವುದೆಂದು ಮಾತಾಗಿತ್ತು. ತಾಯಿ ತಂದೆ ಇಲ್ಲದ ಅಡಿವೆಯ್ಯ ಕೂಸಾಗಿದ್ದಾಗಿನಿಂದ ಅವರ ಮಡಿಲಲ್ಲೇ ಬೆಳೆದವನು. ಅವನು ಹುಡುಕುತ್ತಿದ್ದ, ಹುಡುಕುತ್ತಲೇ ಇದ್ದ.

"ಕುಂದರು," ಎಂದರು ಅಜ್ಜಾರು. "ಒಂದು ಕತಿ ಹೇಳ್ತೀನಿ. ಗಾಡೀದ ಐತಿ, ಹೆದರಬ್ಯಾಡ."

ಒಂದೂರಿನಲ್ಲಿ ಒಬ್ಬ ಮಾವ, ಇನ್ನೊಂದೂರಿನಲ್ಲಿ ಅವನ ಅಳಿಯ. ಅವರ ಹೆಸರು ಕೇಳಬೇಡ. ಹೆಸರು ಹೇಳಿದರೆ ಯಾವ ಮನೆತನ, ಯಾರ ಬೀಗರು ಎಂದು ವಿಚಾರಿಸುತ್ತ ಕೂತುಬಿಡುತ್ತೀ, ಕತೆ ಅಲ್ಲೇ ಉಳಿಯುತ್ತದೆ. ಮಾವ ಹರೆಯವೆಲ್ಲ ಲಾರಿ ಓಡಿಸಿದವನು. ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು ಅಂತ ಮನೆ ತುಂಬಿತ್ತು. ಆದರೆ ಅವನ ಜೀವವೆಲ್ಲ ಇದ್ದ ಒಬ್ಬ ಮಗಳ ಮೇಲೆ. ಆಕೆ ನೀಲವ್ವ. ಲಾರಿಯ ಸ್ಟಿಯರಿಂಗ್ ಹಿಡಿಸಿ ಗಾಡಿ ಓಡಿಸುವುದನ್ನು ಕಲಿಸಿದವನೂ ಅವನೇ. ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಎಂದು ಜನ ಮೂಗು ಮುರಿದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಗಳನ್ನು ಒಳ್ಳೆಯ ಕಡೆಗೇ ಕೊಟ್ಟ. ಅಳಿಯ ಒಕ್ಕಲುತನದವನು, ಸಂಭಾವಿತ. ಮಕ್ಕಳಾಗಿರಲಿಲ್ಲ. ಒಂದು ಮಳೆಗಾಲ ನೀಲವ್ವ ಹತ್ತಿ ಹೊಲದಲ್ಲಿ ಕಸ ತೆಗೆಯುವಾಗ ಹಾವು ಕಚ್ಚಿತು. ಅಳಿಯ ಆಕೆಯನ್ನು ಕಾರಿನಲ್ಲಿ ಮಲಗಿಸಿಕೊಂಡು ದವಾಖಾನೆಗೆ ಹೊರಟ. ಮುಂದಿನ ಎರಡು ಗಾಲಿ ಮಾತ್ರ ಎಳೆಯುವ ಕಾರು ಅದು. ಊರು ದಾಟಿ ಎರೆಯ ದಾರಿಗೆ ಬಂದದ್ದೇ ತಡ, ಹುಗಿದು ಕೂತಿತು. ಗಾಲಿ ಕೂತಲ್ಲೇ ತಿರುಗಿತು, ಕೆಸರು ಹಾರಿತು, ಕಾರು ಗೇಣು ಮುಂದೆ ಹೋಗಲಿಲ್ಲ. ಜನ ಓಡಿ ಬಂದು ನೂಕಿದರು. ಎತ್ತು ಕಟ್ಟಿ ಎಳೆಯುವಷ್ಟರಲ್ಲಿ ನೀಲವ್ವ ಇರಲಿಲ್ಲ. ಶಿವನೇ, ಆ ತಂದೆಯ ಹೊಟ್ಟೆಯ ಸಂಕಟವನ್ನು ಯಾವ ಬಾಯಿಂದ ಹೇಳಲಿ?

ದಿನ ಕರ್ಮಗಳೆಲ್ಲ ಮುಗಿದವು. ಮಾವನ ಮನೆಯಲ್ಲಿ ನೀಲವ್ವನ ಹೆಸರು ಎತ್ತುವುದು ನಿಂತುಹೋಯಿತು. ಹೆಸರು ಎತ್ತಿದರೆ ಮುದುಕ ಅಳುತ್ತಾನೆ, ಅತ್ತರೆ ಊಟ ಬಿಡುತ್ತಾನೆ ಎಂದು ಮಕ್ಕಳು ಹೆದರಿದರು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಆದರೆ ತುಂಬಿದ ಮನೆಯಲ್ಲಿ ಆ ಮನುಷ್ಯನಿಗೆ ಮಗಳ ಹೆಸರು ಹೇಳಲು ಒಬ್ಬರೂ ಸಿಗದಂತಾಯಿತು. ಹೊರಗೆ ಹೋಗಿ ಹುಣಸೆಮರದ ಕೆಳಗೆ ನಿಂತು ತನಗೆ ತಾನೇ "ನೀಲಾ" ಅಂದುಕೊಂಡು ಬರುತ್ತಿದ್ದ.

ಒಂದು ದಿನ ಅಳಿಯ ಬಂದ. "ಮಾಮಾರ, ಆ ಕಾರು ಮಾರಿಬಿಟ್ಟೆ. ನಾಲ್ಕೂ ಗಾಲಿ ಎಳಿಯೂ ಗಾಡಿ ತಗೋತೀನಿ. ನೀವು ಹೂಂ ಅಂದದ್ದನ್ನ ತಗೋತೀನಿ, ನೀವು ಬ್ಯಾಡ ಅಂದದ್ದನ್ನ ಮುಟ್ಟೂದಿಲ್ಲ," ಎಂದ. ಅವನ ತಾಯಿಗೆ ಸೊಂಟದ ನೋವು, ಎತ್ತರದ ಗಾಡಿ ಹತ್ತಲಾರಳು, ಆದ್ದರಿಂದ ತಗ್ಗಾದ ಡಿಕ್ಕಿ ಕಾರೇ ಆಗಬೇಕು. ಹೊಸದಕ್ಕೆ ರೊಕ್ಕವಿಲ್ಲ, ಹಳೆಯದೇ ಆಗಬೇಕು. ಇನ್ನೊಂದು ಮಾತು ಅವನು ತಲೆ ತಗ್ಗಿಸಿ ಹೇಳಿದ: "ಓಡಿಸಿದ್ರ ಹುರುಪು ಬರಬೇಕ್ರಿ. ಆಕಿಗೆ ಸಪ್ಪನ್ನ ಗಾಡಿ ಸೇರತಿರಲಿಲ್ಲ."

ಅಂದಿನಿಂದ ಪ್ರತಿ ಐತವಾರ ಅಳಿಯ ಬಸ್ಸಿನಲ್ಲಿ ಬಂದು ಮಾವನನ್ನು ಕರೆದುಕೊಂಡು ಪಟ್ಟಣಕ್ಕೆ ಹೋಗುವುದು, ಹಳೆ ಗಾಡಿಗಳ ಸಾಲಿನಲ್ಲಿ ತಿರುಗುವುದು ರೂಢಿಯಾಯಿತು. ಮಾವ ಬಗ್ಗಿ ಟೈರು ನೋಡುವನು. ನಾಲ್ಕೂ ಗಾಲಿ ಎಳೆಯುವ ಗಾಡಿಯಲ್ಲಿ ನಾಲ್ಕೂ ಟೈರು ಒಂದೇ ಸಮ ಸವೆದಿರಬೇಕು. ಒಂದು ಹೊಸದು, ಮೂರು ಹಳೆಯದು ಇದ್ದರೆ ಒಳಗಿನ ಗಿಯರಿನ ಹಲ್ಲುಗಳು ಸವೆದುಹೋಗಿರುತ್ತವೆ. ಆಮೇಲೆ ಸ್ಟಿಯರಿಂಗ್ ಪೂರಾ ತಿರುಗಿಸಿ ಮೆಲ್ಲಗೆ ಗಿರಕಿ ಹೊಡೆಸಿ ಕಟಕಟ ಸದ್ದು ಬರುತ್ತದೇನೋ ಎಂದು ಕಿವಿಗೊಡುವನು. ಸೀಟಿನ ಕೆಳಗಿನ ಹಾಸು ಎತ್ತಿ ಮೂಸಿ ನೆರೆನೀರು ಕುಡಿದ ಗಾಡಿಯೋ ಎಂದು ಹೇಳುವನು. ಮೊದಮೊದಲು ಅವನು ಬೇಡ ಅಂದದ್ದೆಲ್ಲ ನಿಜವಾಗಿ ಬೇಡವಾದ ಗಾಡಿಗಳೇ. ಒಂದರ ಹಾಸಿನಡಿ ಹೂಳು ಇತ್ತು. ಒಂದು ಗಟ್ಟಿಯಾಗಿತ್ತು, ಆದರೆ ಓಡಿಸಿದರೆ ಮುದಿ ಕೋಣನ ನಡಿಗೆ. ಮತ್ತೊಂದು ಹಾರುವ ಕುದುರೆ, ಆದರೆ ಎರಡು ಮೈಲಿಗೆ ಕಾದು ಹೊಗೆಯಾಡಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಾವ ನಕ್ಕ.

ಹೌದು, ನಕ್ಕ. ಮಗಳು ಹೋದ ಮೇಲೆ ನಕ್ಕದ್ದು ಅದೇ ಮೊದಲು. ಯಾಕೆಂದರೆ ಆ ಐತವಾರಗಳಲ್ಲಿ ಅವರು ಗಾಡಿ ನೋಡಿದ್ದು ಕಡಿಮೆ, ನೀಲವ್ವನ ಮಾತಾಡಿದ್ದು ಹೆಚ್ಚು. ತಿರುಗಿ ಬರುವಾಗ ಬಸ್ ಸ್ಟ್ಯಾಂಡಿನ ಎದುರು ಮಿರ್ಚಿ ಬಜ್ಜಿ ತಿನ್ನುತ್ತ, ಆಕೆ ಲಾರಿಯನ್ನು ಮೇವಿನ ಬಣವಿಗೆ ಗುದ್ದಿದ ಸುದ್ದಿ ಮಾವ ಹೇಳುವನು. ಆಕೆ ಅತ್ತೆಯೊಡನೆ ಮುನಿಸಿಕೊಂಡು ಮರುದಿನ ಆಕೆಗೇ ಸೀರೆ ತಂದ ಸುದ್ದಿ ಅಳಿಯ ಹೇಳುವನು. ಇಬ್ಬರೂ ನಗುವರು, ಇಬ್ಬರೂ ಕಣ್ಣೊರೆಸಿಕೊಳ್ಳುವರು. ಉಳಿದ ವಾರವೆಲ್ಲ ಮಾವ ಐತವಾರಕ್ಕಾಗಿಯೇ ಉಸಿರು ಹಿಡಿದುಕೊಂಡಿರುತ್ತಿದ್ದ.

ಹೀಗಿರಲು ಒಂದು ಸುದ್ದಿ ಕಿವಿಗೆ ಬಿತ್ತು. ಅಳಿಯನಿಗೆ ಹೆಣ್ಣು ನೋಡುತ್ತಿದ್ದಾರೆ. ತಪ್ಪೇನಿಲ್ಲ, ಹರೆಯದವನು, ಎಷ್ಟು ದಿನ ಹಾಗೇ ಇದ್ದಾನು? ಮಾವನೂ ಹಾಗೆಯೇ ಅಂದುಕೊಂಡ. ಆದರೆ ಬೆರಳು ಮಡಚಿ ಇನ್ನೊಂದು ಲೆಕ್ಕವನ್ನೂ ಹಾಕಿದ. ಕಾರು ಸಿಕ್ಕರೆ ಐತವಾರ ಮುಗಿಯಿತು. ಹೆಂಡತಿ ಬಂದರೆ ಅಳಿಯ ಎನ್ನುವ ನಂಟೂ ಮುಗಿಯಿತು. ಮಗಳಿದ್ದರೆ ತಾನೇ ಅಳಿಯ? ಆಮೇಲೆ ನೀಲವ್ವನ ಹೆಸರನ್ನು ತನ್ನ ಮುಂದೆ ಎತ್ತುವವರು ಯಾರು?

ಮಳೆಗಾಲದ ಮೊದಲಿನ ಮಿರಗದ ಮಳೆ ಹಿಡಿಯುವ ಹೊತ್ತಿಗೆ ಒಂದು ಕಾರು ಸಿಕ್ಕಿತು. ಬೂದಿ ಬಣ್ಣದ್ದು. ಟೈರು ನಾಲ್ಕೂ ಒಂದೇ ಸಮ. ಹಾಸಿನಡಿ ಒಣಗಿದ ನೆಲ. ಗಿರಕಿ ಹೊಡೆಸಿದರೆ ಸದ್ದಿಲ್ಲ. ರೊಕ್ಕವೂ ಕೈಗೆ ಎಟುಕುವಷ್ಟು. ಅಳಿಯ ಅದನ್ನು ಪಟ್ಟಣದ ಹೊರಗೆ ಎರೆಹೊಲದ ದಾರಿಗೆ ಇಳಿಸಿದ. ಹಿಂದಿನ ದಿನ ಮಳೆಯಾಗಿ ನೆಲ ಅಂಬಲಿಯಾಗಿತ್ತು. ಕಾರು ಒಂದಿಷ್ಟು ಜಾರಿತು, ಆಮೇಲೆ ನಾಲ್ಕೂ ಗಾಲಿ ನೆಲ ಕಚ್ಚಿ ಎಳೆದವು. ಕೆಸರಿನ ಆಚೆ ದಡಕ್ಕೆ ಹೋಗಿ ನಿಂತಾಗ ಅಳಿಯ ಹುಡುಗನಂತೆ ಕೇಕೆ ಹಾಕಿದ. ಮರುಗಳಿಗೆಯಲ್ಲೇ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತ. ಅಂದು ಇದು ಇದ್ದಿದ್ದರೆ ಎಂದು ಇಬ್ಬರಿಗೂ ಅನಿಸಿತು.

ತಿರುಗಿ ಬರುವಾಗ ಮಾವ ತಾನೇ ಓಡಿಸಿದ. ಗಾಡಿ ಮಾತು ಕೇಳಿತು. ಅಂಗೈಗೆ ಗೊತ್ತಾಗುತ್ತದಲ್ಲ, ಹಾಗೆ ಗೊತ್ತಾಯಿತು ಅವನಿಗೆ. ಇದೇ ಆ ಗಾಡಿ. ಇದಕ್ಕಿಂತ ಒಳ್ಳೆಯದು ಈ ರೊಕ್ಕಕ್ಕೆ ಹುಟ್ಟುವುದಿಲ್ಲ.

"ಏನಂತೀರಿ ಮಾಮಾರ?" ಎಂದು ಅಳಿಯ ಕೇಳಿದ. ಅವನ ಮುಖದಲ್ಲಿ ಗಾಡಿಯ ಮಾತಿಗಿಂತ ದೊಡ್ಡದೊಂದು ಕಾತರ ಇತ್ತು. ಮಾವ ಅದನ್ನು ನೋಡಲಿಲ್ಲ. ಅವನ ಕಣ್ಣ ಮುಂದೆ ಇದ್ದದ್ದು ಬರಲಿರುವ ಖಾಲಿ ಐತವಾರ.

"ಬ್ಯಾಡ್ರಿ ಅಳಿಯಾರ. ಒಳಗ ಸದ್ದು ಐತಿ."

"ನನಗ ಕೇಳಿಸಲಿಲ್ಲಲ್ರಿ?"

"ನಿಮಗ ಕೇಳಸೂದಿಲ್ಲ. ಹರೇದಾಗಿಂದ ಇಂಜಿನ್ ಜೋಡಿ ಬಾಳ್ವೆ ಮಾಡಿದ ಕಿವಿ ಇದು. ಬ್ಯಾಡ."

ಅಳಿಯ ಕಾರಿನ ಬಾಗಿಲ ಮೇಲೆ ಒಮ್ಮೆ ಕೈಯಾಡಿಸಿದ. ಮಾರುವವನಿಗೆ ಕೀಲಿಕೈ ತಿರುಗಿ ಕೊಟ್ಟು ಬಂದ. ಅಂದು ಮಿರ್ಚಿ ತಿನ್ನಲಿಲ್ಲ. ಮಳೆ ಶುರುವಾಗಿದೆ, ಮತ್ತೆ ಅದೇ ಎರೆ ದಾರಿ, ಮನೆಯಲ್ಲಿ ಗಾಡಿ ಇಲ್ಲ ಎನ್ನುವುದು ಮಾವನಿಗೂ ಗೊತ್ತಿತ್ತು. ಮುಂದಿನ ವಾರ ಇನ್ನೊಂದು ನೋಡಿದರಾಯಿತು ಎಂದು ತನ್ನ ಮನಸ್ಸಿಗೆ ತಾನೇ ಸುಳ್ಳು ಹೇಳಿಕೊಂಡ. ಹಾಳು ಮನಸ್ಸು, ನಂಬಿತು.

ಮುಂದಿನ ಐತವಾರ ಅಳಿಯ ಬರಲಿಲ್ಲ. ಅದರ ಮುಂದಿನ ಐತವಾರವೂ ಇಲ್ಲ. ಮಾವ ಕಟ್ಟೆಯ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಕಡೆಗೆ ತಾನೇ ಅಳಿಯನ ಊರಿನ ಬಸ್ಸು ಹತ್ತಿದ. ಬಸ್ಸು ಊರ ಮುಂದಿನ ದಾರಿಯವರೆಗೆ ಮಾತ್ರ ಹೋಗುತ್ತದೆ. ಅಲ್ಲಿಂದ ಎರಡೂ ಕಾಲಿಗೆ ಸೇರು ಸೇರು ಮಣ್ಣು ಮೆತ್ತಿಕೊಂಡು, ಮಗಳು ಸತ್ತ ಜಾಗ ದಾಟಿಕೊಂಡು ನಡೆದ. ಅಳಿಯ ಹೊಲಕ್ಕೆ ಹೋಗಿದ್ದ. ಅಳಿಯನ ತಾಯಿ ಕಾಲಿಗೆ ನೀರು ಕೊಟ್ಟು, ಒಳಗೆ ಕೂಡ್ರಿಸಿ, ಸೊಂಟ ಹಿಡಿದುಕೊಂಡು ಎದುರಿಗೆ ಕೂತಳು.

"ಬೀಗರ, ನಿಮ್ಮ ಮ್ಯಾಲೆ ನಂಗೇನೂ ಸಿಟ್ಟಿಲ್ಲ. ಹೆತ್ತ ಹೊಟ್ಟಿ ಹೆಂಗ ಒಪ್ಪೀತು? ಆದ್ರ ಅವ ಕೇಳಿದ್ದು ಗಾಡಿ ಒಂದ ಅಲ್ರಿ," ಎಂದಳು.

ಆ ಕಡೆ ಒಂದು ರೂಢಿ ಇದೆ. ಹೆಂಡತಿ ಸತ್ತವನು ಮತ್ತೆ ಮದುವೆಯಾಗುವಾಗ, ಹೊಸ ಹೆಣ್ಣನ್ನು ಮೊದಲು ಸತ್ತವಳ ತವರಿಗೆ ಕರೆತರಬೇಕು. ಆ ತಂದೆ ಒಪ್ಪಿ ಆಕೆಯ ಉಡಿ ತುಂಬಿ, ಮಗಳೇ ಎಂದು ಕರೆದರೆ, ಅಂದಿನಿಂದ ಅದೇ ಆಕೆಯ ತವರು. ಹಬ್ಬ ಹುಣ್ಣಿಮೆಗೆ ಅಲ್ಲಿಗೇ ಬರುತ್ತಾಳೆ. ಅಳಿಯ ಅಳಿಯನಾಗಿಯೇ ಉಳಿಯುತ್ತಾನೆ. ಆದರೆ ಮಗಳನ್ನು ಕಳೆದುಕೊಂಡವನ ಮುಂದೆ ನಿಂತು, ನಾನು ಮತ್ತೆ ಮದುವೆಯಾಗಲೇ ಎಂದು ಯಾವ ಅಳಿಯ ಬಾಯಿ ಬಿಟ್ಟು ಕೇಳುತ್ತಾನೆ? ಈ ಪುಣ್ಯಾತ್ಮ ತನ್ನ ತಾಯಿಯ ಮುಂದೆ ಮಾತ್ರ ಹೇಳಿದ್ದ: ಮಾಮಾರು ಹೂಂ ಅಂದ ಗಾಡಿಯಲ್ಲೇ ಆ ಹುಡುಗಿಯನ್ನು ಅವರ ಬಾಗಿಲಿಗೆ ಕರೆದುಕೊಂಡು ಹೋಗುತ್ತೇನೆ. ಗಾಡಿಗೆ ಹೂಂ ಅಂದರೆ ಅವರ ಮನಸ್ಸು ಗಟ್ಟಿಯಾಗಿದೆ ಎಂದು ತಿಳಿಯುತ್ತೇನೆ.

"ಎಂಥಾ ಛಲೋ ಗಾಡಿಗೂ ಮಾಮಾರು ಬ್ಯಾಡ ಅಂದ್ರು, ಅವರ ಹೊಟ್ಟ್ಯಾಗ ನೋವು ಇನ್ನೂ ಹಸಿ ಐತಿ, ನಾ ಅವರನ್ನ ಸುಡಬಾರದು ಅಂದ ಬೀಗರ. ಹೆಣ್ಣಿನವರಿಗೆ ಒಲ್ಲೆ ಅಂತ ಹೇಳಿ ಕಳಿಸಿದ."

"ತಂಗಿ, ಆ ಗಾಡಿ ಛಲೋ ಇತ್ತು," ಎಂದ ಮಾವ.

"ಹಂಗಾರ ಯಾಕ ಬ್ಯಾಡ ಅಂದ್ರಿ?"

ಮಾವ ಎದ್ದು ನಿಂತ. ಹೊರಗೆ ಬಂದು ಹೊಲದ ಕಡೆ ನಡೆದ. ಅಳಿಯ ಬದುವಿನ ಹುಲ್ಲು ಕೊಯ್ಯುತ್ತಿದ್ದವನು ನಿಲ್ಲಿಸಿ ಬಂದು ಕಾಲಿಗೆ ಬಿದ್ದ. ಮಾವ ಎಲ್ಲ ಹೇಳಿಬಿಡಬೇಕೆಂದು ಬಾಯಿ ತೆರೆದ. "ಗಾಡಿ ಮಾರಾಟ ಆತಂತ್ರಿ ಮಾಮಾರ. ಹುಡುಗಿಗೂ ಬ್ಯಾರೆ ಕಡೆ ನಿಶ್ಚಯ ಆತು. ಇರ್ಲಿ ಬಿಡ್ರಿ, ನೀವು ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ," ಎಂದು ಅಳಿಯನೇ ಸಮಾಧಾನ ಹೇಳಿದ. ಸಮಾಧಾನ ಹೇಳುವವನ ಮುಂದೆ ತಪ್ಪು ಒಪ್ಪಿಕೊಳ್ಳುವುದು ಬಹಳ ಕಷ್ಟ. ಮಾವ ತೆರೆದ ಬಾಯಿ ಮುಚ್ಚಿದ.

ನೀಲವ್ವನ ವರ್ಷದ ದಿನಕ್ಕೆ ಅಳಿಯ ಬಂದ. ಮಾವನಿಗೆ ನೋವಾಗಬಾರದೆಂದು ಆಕೆಯ ಹೆಸರು ಎತ್ತಲಿಲ್ಲ. ಊಟ ಮಾಡಿ, ನಮಸ್ಕಾರ ಮಾಡಿ, ಮಳೆ ಬರುವ ಮೊದಲೇ ಎದ್ದು ಹೋದ. ಆಮೇಲೆ ಬರಲಿಲ್ಲ. ಮಾವ ಮುಂದೆ ಬಹಳ ವರ್ಷ ಬದುಕಿದ, ಅದೇ ದೊಡ್ಡ ಸಂಕಟ. ಉಡಿ ತುಂಬಿದ್ದರೆ ಒಬ್ಬ ಮಗಳು ಬರುತ್ತಿದ್ದಳು, ಅಳಿಯ ಉಳಿಯುತ್ತಿದ್ದ, ಎರಡು ಮನೆಯಲ್ಲಿ ನೀಲವ್ವನ ಹೆಸರು ಆಡುತ್ತಿತ್ತು. ಆದರೆ ಒಂದು ಐತವಾರವನ್ನು ಬಿಗಿಹಿಡಿಯಲು ಹೋದ ಆ ಮುದುಕನ ಕೈಯಲ್ಲಿ ಯಾವುದೂ ಉಳಿಯಲಿಲ್ಲ.

ಅಜ್ಜಾರು ಕತೆ ನಿಲ್ಲಿಸಿದರು. ಅಡಿವೆಯ್ಯ ನೆಲ ನೋಡುತ್ತಿದ್ದ.

"ಪಾಪ, ಮುದುಕ. ಅವ ಮಾಡಿದ್ದು ಅಷ್ಟು ದೊಡ್ಡ ತಪ್ಪೇನ್ರಿ ಅಜ್ಜಾರ?" ಎಂದು ಕೇಳಿದ.

ಅಜ್ಜಾರು ಅವನ ತಲೆಯ ಮೇಲೆ ಕೈಯಿಟ್ಟು ಹೇಳಿದರು:

"ಇಲ್ಲೀತನಕ ನೀ ಬ್ಯಾಡ ಅಂದು ಬಂದ ಗಾಡಿಗಳೊಳಗ, ಛಲೋದು ಒಂದೂ ಇರಲಿಲ್ಲೇನಪಾ ಮಗನ?"